ಕರಿ ಬಟ್ಟೆಯನ್ನು ಅಳೆದ ಸೂಜಿ

ವಿಯೆನ್ನಾ, 6 ಏಪ್ರಿಲ್ 1975

ಪ್ರೀತಿಯ ತಂಗಿ ದೋಬ್ರಿಲಾ,

ಈ ಪೊಟ್ಟಣವನ್ನು ನೆಗೋತಿನ್ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನಿಗೆ ಊಟ ಹಾಕು. ರಾಕಿಯಾ ಸಾರಾಯಿ ಮಾತ್ರ ಕೊಡಬೇಡ, ವಾಪಸ್ ಬಸ್ಸು ಓಡಿಸಬೇಕು.

ಒಳಗಿರುವುದು ನಿನ್ನ ಗಂಡನ ಕ್ಯಾಮೆರಾ. ಕಾರ್ಮಿಕರ ಹಾಸ್ಟೆಲಿನಲ್ಲಿ ರಾಡಿಸಾವ್‌ನ ಮಂಚದ ಕೆಳಗಿತ್ತು. ಜನವರಿಯಲ್ಲಿ ಅವನ ಶವಪೆಟ್ಟಿಗೆಯ ಜೊತೆ ಊರಿಗೆ ಬಂದಾಗ ಇದನ್ನು ತರಲು ನೆನಪಾಗಲಿಲ್ಲ. ಆಗ ಯಾವುದು ತಾನೇ ನೆನಪಿತ್ತು. ಗಂಡನ ವಸ್ತು ಹೆಂಡತಿಗೆ ಸೇರಬೇಕು. ಜೊತೆಗೆ ಕೆಲವು ಫಿಲ್ಮ್ ರೋಲುಗಳನ್ನೂ ಇಟ್ಟಿದ್ದೇನೆ.

ನನಗೆ ಎರಡು ಚಿತ್ರ ಬೇಕು. ಒಂದು ನಿನ್ನ ಅತ್ತೆ ಪೆರುನಿಕಾ ಅವರದು. ಇನ್ನೊಂದು ನಿನ್ನದು: ಎದೆಯವರೆಗೆ, ನೇರ ನೋಡುತ್ತಾ, ಕರಿ ತಲೆವಸ್ತ್ರ ಕಟ್ಟಿಕೊಂಡು. ಮದುವೆಯ ಫೋಟೋ ಆಗುವುದಿಲ್ಲ, ಅದರಲ್ಲಿ ನೀನು ಹಲ್ಲು ಬಿಟ್ಟು ನಗುತ್ತಿದ್ದೀಯ. ಪೇಟೆಯ ಸ್ಟುಡಿಯೋಗೆ ಹೋಗು ಎಂದರೆ, ವರ್ಷ ತುಂಬುವ ಮೊದಲು ವಿಧವೆ ಪರದೆಯ ಮುಂದೆ ಕೂರುವುದು ಚೆಂದವಲ್ಲ ಎಂದು ನಿನ್ನ ಅತ್ತೆ ಬಿಡುವುದಿಲ್ಲ. ಆದ್ದರಿಂದ ಮನೆಯಲ್ಲೇ ತೆಗೆದುಕೋ.

ಕಷ್ಟವೇನಿಲ್ಲ. ಇಲ್ಲಿ ನಮ್ಮ ಕಾರ್ಮಿಕರ ಕ್ಲಬ್ಬಿನಲ್ಲಿ ಹೊಸಬರಿಗೆ ಫೋಟೋ ತೆಗೆಯುವುದನ್ನು ನಾನೇ ಕಲಿಸುತ್ತೇನೆ. ಲೆನ್ಸಿನ ಮೇಲೆ ಜೇನುಗೂಡಿನಂಥ ಗಾಜು ಇದೆಯಲ್ಲ, ಅದೇ ಲೈಟ್ ಮೀಟರ್, ಬೆಳಕು ಅಳೆಯುವ ಕಣ್ಣು. ಕ್ಯಾಮೆರಾದ ನೆತ್ತಿಯ ಮೇಲೆ ಸಣ್ಣ ಕಿಂಡಿ, ಅದರೊಳಗೆ ಸೂಜಿ. ಮೊದಲು ಫಿಲ್ಮ್ ಡಬ್ಬಿಯ ಮೇಲಿರುವ ಸಂಖ್ಯೆಯನ್ನು ಚಿಕ್ಕ ಚಕ್ರದಲ್ಲಿ ಕೂರಿಸು. ಲೆನ್ಸಿನ ಉಂಗುರ 8ರಲ್ಲಿದೆ, ಅದನ್ನು ಮುಟ್ಟಬೇಡ. ಆಮೇಲೆ ಗಾಜನ್ನು ಎದುರಿನವರ ಕಡೆ ಹಿಡಿದು ದೊಡ್ಡ ಚಕ್ರವನ್ನು ತಿರುಗಿಸು. ಅದರ ಮುಳ್ಳು ಸೂಜಿಯ ಮೇಲೆ ಬಂದು ಕೂತಾಗ ನಿಲ್ಲಿಸು. ಚಕ್ರ 15 ಎಂದರೆ ಸೆಕೆಂಡಿನ ಹದಿನೈದನೇ ಒಂದು ಪಾಲು ಹೊತ್ತು ಬೆಳಕು ಒಳಗೆ ಹೋಗುತ್ತದೆ. 125 ಎಂದರೆ ನೂರಿಪ್ಪತ್ತೈದನೇ ಒಂದು ಪಾಲು. ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ನಿನ್ನ ಚಿತ್ರಕ್ಕೆ ಪಕ್ಕದ ಸಣ್ಣ ಕಡ್ಡಿಯನ್ನು ಎಳೆದುಬಿಟ್ಟು ಓಡಿಹೋಗಿ ಕೂರು. ಗುಂಯ್ ಅಂದು ತಾನೇ ತೆಗೆಯುತ್ತದೆ.

ಸೂಜಿ ಸುಳ್ಳು ಹೇಳುವುದಿಲ್ಲ. ಅದು ಹೇಳಿದಂತೆ ಮಾಡು, ನಿನ್ನ ಬುದ್ಧಿ ಓಡಿಸಬೇಡ.

ಜೂನ್ ಒಳಗೆ ಕಳಿಸು.

ನಿನ್ನ ಅಣ್ಣ,
ಬೊಗೊಸಾವ್

*

ಲಿಪೊವ್ಕಾ, 11 ಮೇ 1975

ಪ್ರೀತಿಯ ಅಣ್ಣ,

ನೀನು ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡಿದೆ. ಬುದ್ಧಿ ಓಡಿಸಲಿಲ್ಲ. ಫಲವನ್ನು ಇದರ ಜೊತೆ ಇಟ್ಟಿದ್ದೇನೆ, ನೋಡು. ಅತ್ತೆ ಒಲೆಗೆ ಹಾಕಿದ ಮೇಲೆ ಉಳಿದದ್ದು ಇದೊಂದೇ.

ರೋಲನ್ನು ತೊಳೆಸಲು ನೆಗೋತಿನ್‌ಗೆ ಹೋಗಿದ್ದೆ. ಫೋಟೋ ಅಂಗಡಿಯ ವಿದೋಸಾವ್ ನೆಗೆಟಿವ್ ಕೈಗೆ ಕೊಡುವ ಮೊದಲೇ ನಗಲು ಶುರು ಮಾಡಿದ.

"ಏನಮ್ಮಾ, ಹಿಟ್ಟಿನ ಗಿರಣಿ ಒಳಗೆ ತೆಗೆದ್ಯಾ?"

"ಯಾಕೆ?"

"ನೆಗೆಟಿವ್‌ನಲ್ಲಿ ಮುಖ ಇದ್ದಿಲ ತರ ಆಗಿದೆ, ನೋಡು. ಇದರಲ್ಲಿ ಬೆಳಕೇ ತೂರಲ್ಲ. ಪ್ರಿಂಟ್ ಹಾಕಿದ್ರೆ ಬರೀ ಬಿಳಿ. ಬಟ್ಟೆ ಮಾತ್ರ ಏನ್ ಚೆನ್ನಾಗಿ ಬಂದಿದೆ ಅಂತೀಯಾ, ನೂಲು ಎಣಿಸಬಹುದು."

ಅಂಗಡಿಯಲ್ಲಿದ್ದ ಇಬ್ಬರು ಹೆಂಗಸರು ಇಣುಕಿ ನೋಡಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಪ್ರಿಂಟುಗಳನ್ನು ಮನೆಗೆ ತಂದು ತೋರಿಸಿದರೆ ಅತ್ತೆ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. "ಬದುಕಿರೋಳ ಮುಖಾನ ಒರೆಸಿ ಹಾಕಿದೆ ಇದು. ಮಗನ್ನ ತಿಂದಿದ್ದು ಸಾಲದು ಅಂತ ವಿಯೆನ್ನಾ ಇನ್ನೂ ಏನ್ ಬೇಕು ಅಂತಿದೆ?" ಹೀಗೆಂದು ನನ್ನ ಕೈಯಿಂದ ಕಿತ್ತು ಒಲೆಗೆ ಹಾಕಿದಳು. ಅವಳು ನನ್ನೊಂದಿಗೆ ಮಾತಾಡಿ ವಾರವಾಯಿತು. ಮೇಕೆಯ ಜೊತೆ ಮಾತಾಡುತ್ತಾಳೆ, ನಾನು ಕೇಳಿಸಿಕೊಳ್ಳಬೇಕು.

ಸೂಜಿ ಸುಳ್ಳು ಹೇಳುವುದಿಲ್ಲ ಎಂದವನು ನೀನು. ಹಾಗಾದರೆ ನನಗೂ ಅತ್ತೆಗೂ ಮುಖವಿಲ್ಲ ಎಂದಾಯಿತು. ಕ್ಲಬ್ಬಿನಲ್ಲಿ ಕಲಿಸುವವನಂತೆ. ಅಲ್ಲಿ ಯಾರಿಗೆ ಕಲಿಸುತ್ತೀಯೋ ಅವರನ್ನು ದೇವರೇ ಕಾಪಾಡಲಿ.

ಇನ್ನೊಂದು ಮಾತು. ನನ್ನ ಚಿತ್ರ ನಿನಗೆ ಯಾಕೆ? ನಗುವ ಚಿತ್ರ ಯಾಕೆ ಆಗುವುದಿಲ್ಲ?

ದೋಬ್ರಿಲಾ

*

ವಿಯೆನ್ನಾ, 25 ಮೇ 1975

ತಂಗಿ,

ನಿನ್ನ ಕಾಗದವನ್ನು ಊಟದ ಕೋಣೆಯಲ್ಲಿ ಓದಿದೆ, ಪಕ್ಕದವನು ಯಾಕೆ ಮುಖ ಕೆಂಪಾಯಿತು ಎಂದು ಕೇಳಿದ. ಅಣ್ಣನಿಗೆ ಹೀಗೆ ಬರೆಯುವುದನ್ನು ಯಾವಾಗ ಕಲಿತೆ? ಮೇಕೆಯ ಹತ್ತಿರವೇ?

ಚಿತ್ರವನ್ನು ಕ್ಲಬ್ಬಿನಲ್ಲಿ ತೋರಿಸಿದೆ. ಕಾರಣ ಗೊತ್ತಾಯಿತು. ನಾನು ಹೇಳಿದ್ದು ಸರಿಯೇ ಇತ್ತು, ನೀನು ತೋರಿಸಿದ್ದು ಸರಿಯಿರಲಿಲ್ಲ. ಇಲ್ಲಿ ನಾವು ತೆಗೆಯುವವರು ಬಣ್ಣಬಣ್ಣದ ಬಟ್ಟೆಯವರು, ಬೂದು ಗೋಡೆಯ ಮುಂದೆ ನಿಂತವರು. ನೀನು ಸೂಜಿಗೆ ತೋರಿಸಿದ್ದು ಏನನ್ನು? ತಲೆಯಿಂದ ಕಾಲಿನವರೆಗೆ ಕಪ್ಪು ಉಟ್ಟ ಹೆಂಗಸು, ಹಿಂದೆ ಹೊಗೆ ಹಿಡಿದ ಕೊಟ್ಟಿಗೆಯ ಬಾಗಿಲು. ಸೂಜಿಗೆ ಮನುಷ್ಯರು ಕಾಣುವುದಿಲ್ಲ. ಎದುರಿಗೆ ಯಾವುದು ಹೆಚ್ಚು ಜಾಗ ಹಿಡಿದಿದೆಯೋ ಅದಷ್ಟೇ ಕಾಣುತ್ತದೆ. ಲೋಕವೆಲ್ಲ ಬೂದು ಬಣ್ಣದ್ದೆಂದು ಅದು ತಿಳಿದುಕೊಂಡಿದೆ. ಕಪ್ಪನ್ನು ತೋರಿಸಿದರೆ, ಇಲ್ಲಿ ಬೆಳಕು ಸಾಲದು, ಇನ್ನಷ್ಟು ಬಿಡು ಎನ್ನುತ್ತದೆ. ಬಟ್ಟೆ ಬೂದಾಗುವವರೆಗೆ ಬೆಳಕು ಬಿಡುವಷ್ಟರಲ್ಲಿ ಮುಖ ಸುಟ್ಟುಹೋಗಿರುತ್ತದೆ.

ಇನ್ನು ಮುಂದೆ ಹೀಗೆ ಮಾಡು. ಎದುರಿನವರು ಇರುವ ಬೆಳಕಿನಲ್ಲೇ ನಿನ್ನ ಅಂಗೈ ಚಾಚಿ, ಗಾಜನ್ನು ಅದರ ಹತ್ತಿರ ಹಿಡಿ. ಅಂಗೈ ಬಿಟ್ಟು ಬೇರೇನೂ ಸೂಜಿಗೆ ಕಾಣಬಾರದು. ಅಂಗೈ ಸೂಜಿಯ ತಲೆಯೊಳಗಿನ ಬೂದು ಬಣ್ಣಕ್ಕಿಂತ ಒಂದು ಮೆಟ್ಟಿಲು ಬೆಳ್ಳಗಿರುತ್ತದೆ, ಆದ್ದರಿಂದ ಒಂದು ಮನೆ ಇಳಿಸಬೇಕು. 125 ಎಂದರೆ 60ಕ್ಕೆ ಇಡು. ಇಷ್ಟೇ. ಇದಕ್ಕೆ ಅಳಬೇಕಾಗಿಲ್ಲ, ಕೂಗಾಡಬೇಕಾಗಿಲ್ಲ.

ನಿನ್ನ ಚಿತ್ರ ಬೇಗ ಬೇಕು. ಅಲ್ಲಿ ಕಾಯುತ್ತಿದ್ದಾರೆ.

ಬೊಗೊಸಾವ್

*

ಲಿಪೊವ್ಕಾ, 22 ಜೂನ್ 1975

ಅಣ್ಣ,

ಫೋಟೋ ತೆಗೆಯಲು ಬಂತು. ನಿನ್ನಿಂದ ಅರ್ಧ ಕಲಿತೆ, ಉಳಿದರ್ಧಕ್ಕೆ ನಿನ್ನನ್ನು ಬೈದುಕೊಂಡು ಕಲಿತೆ.

ಅಂಗಳದಲ್ಲಿ ಎಲ್ಲವನ್ನೂ ಅಳೆದೆ. ಅತ್ತೆಯ ಕರಿ ಬಟ್ಟೆಗೆ ಹಿಡಿದರೆ ಸೂಜಿ 15 ಎಂದಿತು. ಹಿಟ್ಟಿನ ಚೀಲಕ್ಕೆ ಹಿಡಿದರೆ 250. ಅದೇ ಅಂಗಳ, ಅದೇ ಬಿಸಿಲು, ಅದೇ ಹೊತ್ತು. ಒಂದೇ ವಿಷಯಕ್ಕೆ ಇಷ್ಟು ಬೇರೆ ಬೇರೆ ಸಾಕ್ಷಿ ಹೇಳುವ ಸೂಜಿಯನ್ನು ನಂಬು ಎಂದೆಯಲ್ಲ, ನಿನಗೆ ಏನನ್ನಬೇಕು?

ನಿನ್ನ ಅಂಗೈ ಲೆಕ್ಕವೂ ಮೊದಲ ಸಲ ಕೆಟ್ಟಿತು. ಹೇಳಿದಂತೆ ಒಂದು ಮನೆ ಇಳಿಸಿದೆ, ಮುಖಗಳು ಮತ್ತೆ ಪೇಲವವಾಗಿ ಬಂದವು. ಎರಡು ದಿನ ನಿನ್ನನ್ನು ಬೈದ ಮೇಲೆ ನನ್ನ ಕೈ ನೋಡಿಕೊಂಡೆ. ಇದು ಹಸಿ ಅಕ್ರೋಟು ಕೊಯ್ಯುವ ಕಾಲ. ರಾಕಿಯಾಕ್ಕೆ ಹಾಕಲು ನಾನೂ ಅತ್ತೆಯೂ ಬುಟ್ಟಿಗಟ್ಟಲೆ ಕತ್ತರಿಸಿದ್ದೆವು. ಅಂಗೈ ಚರ್ಮದ ಚೀಲದಂತೆ ಕಂದಾಗಿತ್ತು. ನೀನು ಲೆಕ್ಕ ಹಾಕಿದ್ದು ವಿಯೆನ್ನಾದ, ಸಾಬೂನು ಹಾಕಿ ತೊಳೆದ ಅಂಗೈಗೆ. ನನ್ನದು ಆಗಲೇ ಸೂಜಿಗೆ ಬೇಕಾದ ಬಣ್ಣಕ್ಕೆ ಬಂದಿತ್ತು. ಇಳಿಸುವುದನ್ನು ಬಿಟ್ಟೆ. ಎಲ್ಲ ಸರಿಹೋಯಿತು. ಅಳೆಯುವ ಮೊದಲು ಅಂಗೈ ಯಾರದು ಎಂದು ಕೇಳಬೇಕು ಅಣ್ಣ, ಇದನ್ನು ನಿಮ್ಮ ಕ್ಲಬ್ಬಿನಲ್ಲಿ ಕಲಿಸು.

ಅತ್ತೆಯ ಚಿತ್ರ ಕಳಿಸಿದ್ದೇನೆ. ಸುಕ್ಕು, ಮಚ್ಚೆ, ಸಿಟ್ಟು, ಎಲ್ಲ ಇದೆ. ಅದನ್ನು ನೋಡಿದ ಮೇಲೆ ಅವಳ ಮೌನ ಮುರಿಯಿತು. "ಹಣೆ ನೋಡು, ನನ್ನ ಮಗಂದೇ," ಎಂದಳು. ಊರಿನವರೂ ಬರತೊಡಗಿದರು. ಗುರುತಿನ ಚೀಟಿಗೊಂದು, ಮಗುವಿನ ನಾಮಕರಣಕ್ಕೊಂದು. ವಿದೋಸಾವ್ ನೋಡಿ, "ಇನ್ನು ಗಿರಣಿ ಅನ್ನಲ್ಲಮ್ಮ. ಮದುವೆ ಕಾಲ, ನನಗೆ ಕಾಲು ನೋವು, ಬಂದು ಕೈ ಜೋಡಿಸ್ತೀಯಾ?" ಎಂದ. ಹೂಂ ಎಂದಿದ್ದೇನೆ.

ನನ್ನ ಚಿತ್ರ ಕಳಿಸುತ್ತಿಲ್ಲ. ಯಾಕೆ ಬೇಕು ಎಂದು ಕೇಳಿದ್ದೆ, ನೀನು ಅಂಗೈ ವಿಷಯ ಬರೆದೆ. "ಅಲ್ಲಿ ಕಾಯುತ್ತಿದ್ದಾರೆ" ಎಂದೆ. ಎಲ್ಲಿ? ಯಾರು? ಅತ್ತೆಯನ್ನು ಕೇಳಿದರೆ ಮತ್ತೆ ಮೇಕೆಯ ಹತ್ತಿರ ಹೋಗುತ್ತಾಳೆ.

ದೋಬ್ರಿಲಾ

*

ವಿಯೆನ್ನಾ, 6 ಜುಲೈ 1975

ತಂಗಿ,

ಅತ್ತೆಯ ಚಿತ್ರ ಚೆನ್ನಾಗಿದೆ. ಕ್ಲಬ್ಬಿನಲ್ಲಿ ಗೋಡೆಗೆ ಹಾಕಿದ್ದಾರೆ.

ಆದರೆ ಊರಿಂದ ಬಂದವರು ಹೇಳಿದ್ದನ್ನು ಕೇಳಿ ನನಗೆ ತಲೆ ಎತ್ತಲಾಗಲಿಲ್ಲ. ವರ್ಷ ತುಂಬದ ವಿಧವೆ ಮದುವೆಯಿಂದ ಮದುವೆಗೆ ಓಡಾಡುತ್ತಾಳಂತೆ, ಕೋಲೋ ಕುಣಿತದ ನಡುವೆ ನಿಂತು ಫೋಟೋ ತೆಗೆಯುತ್ತಾಳಂತೆ. "ಕ್ಯಾಮೆರಾ ಕಳಿಸ್ದೋನು ಅಣ್ಣ, ಕುಣಿಯೋಳು ತಂಗಿ" ಎಂದು ಹಾಡು ಕಟ್ಟಿದ್ದಾರಂತೆ. ನಿನಗೆ ಅದನ್ನು ಕಳಿಸಿದ್ದು ಇದಕ್ಕಾಗಿ ಅಲ್ಲ.

ಅರ್ಧವರ್ಷದ ಎಡೆಗೆ ನನಗೆ ಬರಲಾಗುವುದಿಲ್ಲ, ಪಾಳಿ ಬದಲಾಗಿದೆ. ರಾಡಿಸಾವ್‌ಗೆ ಇಷ್ಟವಾದ ಹೊಗೆ ಹಾಕಿದ ಮಾಂಸ ಮರೆಯಬೇಡ.

ನಿನ್ನ ಚಿತ್ರ ಕಳಿಸು. ಕಪ್ಪಿನಲ್ಲಿ, ನಗದೆ. ಯಾಕೆ, ಯಾರು ಎಂದು ಕೇಳಬೇಡ. ಎಲ್ಲವನ್ನೂ ನಿನ್ನ ಒಳ್ಳೆಯದಕ್ಕೇ ಮಾಡುತ್ತಿದ್ದೇನೆ. ಕಾಲ ಬಂದಾಗ ನೋಡಿ ನೀನೇ ಸಂತೋಷಪಡುತ್ತೀಯ.

ಬೊಗೊಸಾವ್

*

ಲಿಪೊವ್ಕಾ, 27 ಜುಲೈ 1975

ಬೊಗೊಸಾವ್ ಅವರಿಗೆ,

ನೋಡಿದೆ. ಸಂತೋಷಪಟ್ಟೆ. ಹೇಗೆ ನೋಡಿದೆ ಎಂಬುದನ್ನೂ ತಿಳಿದುಕೊಳ್ಳಿ.

ಕಲ್ಲುಕುಟಿಗ ಚೆದೊಮಿರ್‌ನಿಗೆ ಗಿರಾಕಿಗಳಿಗೆ ತೋರಿಸಲು ತನ್ನ ಗೋರಿಕಲ್ಲುಗಳ ಫೋಟೋ ಬೇಕಿತ್ತು. ವಿದೋಸಾವ್ ನನ್ನನ್ನು ಕಳಿಸಿದ. ಕರಿ ಕಲ್ಲಿನ ಫೋಟೋ ಕಷ್ಟ, ಸೂಜಿ ಅದನ್ನು ಬೂದು ಮಾಡಲು ನೋಡುತ್ತದೆ, ಅಂಗೈ ಅಳೆದೇ ತೆಗೆಯಬೇಕು. ನಾಲ್ಕನೆಯ ಕಲ್ಲಿನ ಮುಂದೆ ಅಂಗೈ ಚಾಚಿದವಳು ಹಾಗೇ ನಿಂತೆ. ಕಲ್ಲಿನ ಎಡಕ್ಕೆ ರಾಡಿಸಾವ್, 1943–1975, ಪಿಂಗಾಣಿ ಬಿಲ್ಲೆಯಲ್ಲಿ ಅವನ ಮುಖ. ಬಲಕ್ಕೆ ಖಾಲಿ ಬಿಲ್ಲೆಯ ಗುಳಿ. ಅದರ ಕೆಳಗೆ: ದೋಬ್ರಿಲಾ, 1946, ಒಂದು ಅಡ್ಡಗೆರೆ.

"ಇದೇನಪ್ಪಾ ಇದು?" ಎಂದೆ.

"ನಿಮ್ದೇ ಅಲ್ವೇನಮ್ಮ. ನಿಮ್ಮಣ್ಣ ಬರೆದು ಕಳಿಸಿದ್ರು. ಕಲ್ಲು ಒಳ್ಳೇದು, ಒಂದು ಬಿರುಕಿಲ್ಲ. ನಿಮ್ಮ ಫೋಟೋಗೇ ಕಾಯ್ತಾ ಇದೀನಿ."

"ನಾನು ಸತ್ತಿಲ್ಲ, ಚೆದೊಮಿರ್."

"ಗೊತ್ತಮ್ಮ. ಅದಕ್ಕೇ ಆ ಕಡೆ ವರ್ಷ ಕೆತ್ತಿಲ್ಲ."

ಅವನ ತಪ್ಪಿಲ್ಲ. ಈ ಸೀಮೆಯ ಅರ್ಧ ಹೆಂಗಸರು ಹೀಗೇ ಕಲ್ಲಿನ ಮೇಲಿದ್ದಾರೆ, ಅವನಿಗೆ ಇದು ದಿನದ ಕೆಲಸ. ಆದರೆ ಅವರಲ್ಲಿ ಹೆಚ್ಚಿನವರು ತಾವೇ ಹೋಗಿ ಕೇಳಿ ಹಾಕಿಸಿಕೊಂಡವರು. ನನ್ನನ್ನು ಯಾರು ಕೇಳಿದರು?

ಅತ್ತೆಗೆ ಮೊದಲೇ ಗೊತ್ತಿತ್ತು. "ಅದರಲ್ಲೇನಿದೆ? ನಾನು ಮೂವತ್ತೊಂದಕ್ಕೇ ಹಾಕಿಸ್ಕೊಂಡೆ," ಎಂದಳು. "ನನ್ನೋನು ಯುದ್ಧದಲ್ಲಿ ಹೋದ. ನಮ್ಮಪ್ಪ, ನಮ್ಮಾವ ಕೂತು ಮಾತಾಡಿದ್ರು, ಕಲ್ಲು ಬಂತು. ಏನಾಯ್ತು? ಬದುಕಿಲ್ವಾ ನಾನು?"

"ಮತ್ತೆ ಮದುವೆ ಯಾರಾದ್ರೂ ಕೇಳಿದ್ರಾ?"

"ಗೋರಿ ಮೇಲಿರೋಳನ್ನ ಯಾರು ಕೇಳ್ತಾರೆ?" ಅವಳು ಇದನ್ನು ಸಿಟ್ಟಿಲ್ಲದೆ, ಬೀನ್ಸ್ ಸೋಸುತ್ತಾ ಹೇಳಿದಳು. ಅದೇ ನನಗೆ ಹೆದರಿಕೆ ತಂದದ್ದು.

ಜನವರಿಯಲ್ಲಿ ವರ್ಷ ತುಂಬುತ್ತದೆ. ವರ್ಷ ತುಂಬಿದ ಮೇಲೆ ಹೆಣ್ಣು ಕಪ್ಪು ತೆಗೆಯಬಹುದು, ತೆಗೆಯದಿರಬಹುದು, ಅದು ಅವಳಿಗೆ ಬಿಟ್ಟದ್ದು. ಕಪ್ಪಿನಲ್ಲಿರುವ ನನ್ನ ಮುಖವನ್ನು ಕಲ್ಲಿಗೆ ಹಚ್ಚಿದ ಮೇಲೆ ಬಟ್ಟೆ ತೆಗೆದರೆಷ್ಟು, ಬಿಟ್ಟರೆಷ್ಟು? ನನಗೆ ಇಪ್ಪತ್ತೊಂಬತ್ತು.

ಮೇ ತಿಂಗಳಲ್ಲಿ ನೀವೇ ಬರೆದಿರಿ: ಸೂಜಿಗೆ ಮನುಷ್ಯರು ಕಾಣುವುದಿಲ್ಲ, ಹೆಚ್ಚು ಜಾಗ ಹಿಡಿದದ್ದಷ್ಟೇ ಕಾಣುತ್ತದೆ, ಕರಿ ಬಟ್ಟೆಯನ್ನು ಅಳೆದು, ಅದರ ಸಲುವಾಗಿ ಮುಖವನ್ನು ಸುಡುತ್ತದೆ. ನೀವು ಮಾಡಿದ್ದು ಅದನ್ನೇ. ಜನವರಿಯಿಂದ ನನ್ನ ಬಟ್ಟೆಯನ್ನು ಅಳೆಯುತ್ತಿದ್ದೀರಿ. ಅಣ್ಣನಾದವನು ಒಂದು ಸಲ ಮುಖ ನೋಡಲಿಲ್ಲ.

ಚಿತ್ರ ಸಿಗುವುದಿಲ್ಲ. ಅಂಗೈ ಅಳೆಯುವುದನ್ನು ಕಲಿಸಿದ್ದಕ್ಕೆ ಧನ್ಯವಾದ.

ದೋಬ್ರಿಲಾ

*

ವಿಯೆನ್ನಾ, 10 ಆಗಸ್ಟ್ 1975

ತಂಗಿ, ನನ್ನನ್ನು ನೀವು ಎನ್ನಬೇಡ. ಬೈಯಬೇಕಾದರೆ ನೀನು ಎಂದೇ ಬೈ. ಉತ್ತರ ಬರೆ.

ಬೊ.

*

ವಿಯೆನ್ನಾ, 21 ಸೆಪ್ಟೆಂಬರ್ 1975

ದೋಬ್ರಿಲಾ,

ನನ್ನ ಕಾರ್ಡಿಗೆ ಉತ್ತರವಿಲ್ಲ. ಸರಿ, ಇದನ್ನು ಓದು, ಆಮೇಲೆ ಹರಿದುಹಾಕು.

ಕಟ್ಟಡದ ಸಾರುವೆ ಕುಸಿದು ಬಿದ್ದ ದಿನ ರಾಡಿಸಾವ್‌ನ ಜೊತೆ ನಾನು ಇರಲಿಲ್ಲ. ಆದರೆ ಅವನನ್ನು ಆ ಕೆಲಸಕ್ಕೆ ಕರೆಸಿದವನು ನಾನು. ಅವನ ಪೆಟ್ಟಿಗೆಯನ್ನು ಬಸ್ಸಿನಿಂದ ಇಳಿಸಿದಾಗ ನಿನ್ನ ಅತ್ತೆ ನನ್ನ ಕೋಟು ಹಿಡಿದು, "ನನ್ನ ಮನೇಲಿ ಇನ್ಯಾರಿದಾರೆ ಹೇಳು," ಎಂದಳು. ಊರೆಲ್ಲ ನೋಡುತ್ತಿತ್ತು. "ದೋಬ್ರಿಲಾ ಇದಾಳಲ್ಲ, ಎಲ್ಲಿಗೂ ಹೋಗಲ್ಲ," ಎಂದೆ. ನೀನು ಪೆಟ್ಟಿಗೆಯ ಆ ಬದಿಯಲ್ಲಿದ್ದೆ, ನಿನಗೆ ಕೇಳಿಸಿರಲಾರದು. ಯಾರಾದರೂ ಮಾತು ಕೊಡಬೇಕಿತ್ತು, ನಾನು ಕೊಟ್ಟೆ. ಇಂದೂ ಅದು ತಪ್ಪು ಎನ್ನಲು ನಾನು ತಯಾರಿಲ್ಲ. ಮುದುಕಿಯ ಮುಂದೆ ಬರಿಗೈಯಲ್ಲಿ ಹೇಗೆ ನಿಲ್ಲಲಿ? ಕಲ್ಲು ಆ ಮಾತಿನ ಗುರುತು. ನಿನಗೆ ಅದರಿಂದ ಗೌರವವೇ ಹೊರತು ಅವಮಾನವಲ್ಲ.

ಇನ್ನು ನೇರವಾಗಿ ಕೇಳುತ್ತೇನೆ. ಮೊದಲು ಮಾತು ಕೇಳುತ್ತಿದ್ದವಳು ಪೇಟೆಗೆ ಹೋಗಲು ಶುರು ಮಾಡಿದ ಮೇಲೆ ಹೀಗಾದೆ. ಆ ವಿದೋಸಾವ್ ಯಾರು? ಕತ್ತಲೆ ಕೋಣೆಯಲ್ಲಿ ಅವನ ಜೊತೆ ಕೆಲಸ ಮಾಡುತ್ತೀಯಂತೆ. ವಿಷಯ ಇದೇ ಆದರೆ ಹೇಳು, ಕಲ್ಲಿನ ಮೇಲೆ ಯಾಕೆ ಕೂಗಾಡುತ್ತೀಯ?

ಬೊಗೊಸಾವ್

*

ಲಿಪೊವ್ಕಾ, 5 ಅಕ್ಟೋಬರ್ 1975

ಅಣ್ಣ,

ನೀನು ಎಂದೇ ಬೈಯುತ್ತೇನೆ, ಕೇಳಿಕೊ.

ವಿದೋಸಾವ್‌ಗೆ ಅರವತ್ತೆಂಟು. ಕಟ್ಟಿಸಿಕೊಂಡ ಹಲ್ಲು, ಮಾತಾಡಿದರೆ ಟಕ್ ಟಕ್ ಎನ್ನುತ್ತದೆ. ಕತ್ತಲೆ ಕೋಣೆಯಲ್ಲಿ ಅವನು ಎಲ್ಲಿದ್ದಾನೆ ಎಂದು ನನಗೆ ಆ ಸದ್ದಿನಿಂದಲೇ ತಿಳಿಯುವುದು. ನಿನ್ನ ಕಾಗದವನ್ನು ಅವನಿಗೆ ಓದಿ ಹೇಳಿದೆ. ಹಲ್ಲು ಕೆಳಗೆ ಬೀಳುವಷ್ಟು ನಕ್ಕ. ಆಮೇಲೆ ಅವನ ಹೆಂಡತಿಯನ್ನು ಕರೆದು, "ಕೇಳೇ, ಇನ್ನೂ ನನ್ನ ಮೇಲೆ ಅನುಮಾನ ಪಡೋರು ಇದಾರೆ," ಎಂದ. ಆಕೆ ನಿನಗೆ ನಮಸ್ಕಾರ ಹೇಳಿದ್ದಾಳೆ, ಗಂಡನ ಮರ್ಯಾದೆ ಹೆಚ್ಚಿಸಿದ್ದಕ್ಕೆ.

ನೋಡು, ಇದೂ ಅದೇ. ಹೆಣ್ಣು ಬೇಡ ಎಂದರೆ ಅದರ ಹಿಂದೊಬ್ಬ ಗಂಡಸು ಇರಲೇಬೇಕು ನಿನಗೆ. ಬರೀ ಬೇಡ ಎನ್ನುವುದು ನಿನ್ನ ಸೂಜಿಗೆ ಕಾಣುವುದೇ ಇಲ್ಲ. ನಾಳೆ ನಾನು ಮದುವೆಯಾದರೂ ಆದೇನು, ಆಗದೆಯೂ ಇದ್ದೇನು. ಕಪ್ಪನ್ನು ಇನ್ನೂ ಹತ್ತು ವರ್ಷ ಉಟ್ಟರೂ ಉಟ್ಟೇನು. ರಾಡಿಸಾವ್ ನನ್ನ ಗಂಡ. ಅವನಿಗಾಗಿ ನಾನು ಅತ್ತಿದ್ದನ್ನು ಅಳೆಯುವ ಮೀಟರ್ ನಿನ್ನ ಹತ್ತಿರವಿಲ್ಲ.

ಮಾತು ಕೊಟ್ಟೆ ಎಂದೆ. ಕೊಟ್ಟವನು ನೀನು. ಅದರ ಗುರುತು ಕಲ್ಲಿನ ಮೇಲೆ ಬೇಕಾದರೆ ನಿನ್ನ ಮುಖ ಕಳಿಸು. ಎದೆಯವರೆಗೆ, ನೇರ ನೋಡುತ್ತಾ, ನಗದೆ. ಬಿಲ್ಲೆಯ ಗುಳಿ ಖಾಲಿಯಿದೆ, ಚೆದೊಮಿರ್ ಕಾಯುತ್ತಿದ್ದಾನೆ. ಅಂಗೈ ಅಳೆದೇ ತೆಗೆಸು.

ದೋಬ್ರಿಲಾ

*

ವಿಯೆನ್ನಾ, 26 ಅಕ್ಟೋಬರ್ 1975

ದೋಬ್ರಿಲಾ,

ಬಾಯಿ ಬಹಳ ಉದ್ದವಾಗಿದೆ. ಚೆದೊಮಿರ್‌ಗೆ ಬರೆದಿದ್ದೇನೆ: ಫೋಟೋ ಇಲ್ಲದಿದ್ದರೂ ಹೆಸರು ಇರಲಿ, ವರ್ಷದ ಎಡೆಗೆ ಮುಂಚೆ ಕಲ್ಲು ನಿಲ್ಲಬೇಕು. ಜನವರಿಯಲ್ಲಿ ಬರುತ್ತೇನೆ. ಕಲ್ಲಿನ ಮುಂದೆ, ನಿನ್ನ ಅತ್ತೆಯ ಎದುರಿಗೆ, ಇದನ್ನೆಲ್ಲ ಇನ್ನೊಮ್ಮೆ ಹೇಳು ನೋಡೋಣ.

ಬೊಗೊಸಾವ್

*

ನೆಗೋತಿನ್, 18 ಜನವರಿ 1976

ಅಣ್ಣ,

ನಿನ್ನ ತಂತಿ ನಾವು ಗೋರಿಯಿಂದ ವಾಪಸಾದ ಮೇಲೆ ಕೈಸೇರಿತು. ರಜೆ ಸಿಗಲಿಲ್ಲ ಎಂದಿದ್ದೀಯ. ಇರಲಿ. ಬಂದಿದ್ದರೆ ಅತ್ತೆಯ ಎದುರಿಗೆ ಹೇಳು ಎಂದ ಮಾತನ್ನು ಅತ್ತೆಯ ಬಾಯಿಂದಲೇ ಕೇಳುತ್ತಿದ್ದೆ. ಈಗ ನಾನೇ ಬರೆಯಬೇಕು.

ನವೆಂಬರಿನಲ್ಲಿ, ಸತ್ತವರಿಗೆ ದೀಪ ಹಚ್ಚುವ ಶನಿವಾರ, ಅತ್ತೆಯ ಜೊತೆ ಮಾವನ ಗೋರಿಗೆ ಹೋದೆ. ಬೇಯಿಸಿದ ಗೋಧಿ, ಬ್ರೆಡ್ಡು, ವೈನು ಅವಳು ಹಿಡಿದಳು. ನನ್ನ ಹೆಗಲಿಗೆ ಕ್ಯಾಮೆರಾ. ಇಷ್ಟು ವರ್ಷ ಆ ಕಲ್ಲನ್ನು ನೋಡಿದ್ದರೂ ಅದರ ಮೇಲಿನ ಹುಡುಗಿಯನ್ನು ನಾನು ನೋಡಿರಲಿಲ್ಲ. ಮಾವ ಟೋಪಿ ಹಾಕಿದ್ದಾನೆ. ಪಕ್ಕದ ಬಿಲ್ಲೆಯಲ್ಲಿ ಮೂವತ್ತೊಂದರ ಅತ್ತೆ, ಕರಿ ವಸ್ತ್ರದೊಳಗೆ ದುಂಡು ಕೆನ್ನೆ. ಅತ್ತೆ ಮಾವನಿಗೊಂದು ಮೇಣದಬತ್ತಿ ಹಚ್ಚಿದಳು. ಆಮೇಲೆ ಇನ್ನೊಂದು ಹಚ್ಚಿ, ಆ ಹುಡುಗಿಯ ಕೆಳಗೆ ಇಟ್ಟಳು.

"ಇದ್ಯಾರಿಗೆ?" ಎಂದೆ.

"ಇವಳಿಗೇ. ಪ್ರತಿ ಸಲಾನೂ ಹಚ್ತೀನಿ. ಇವಳಿಗೆ ಬೇರೆ ಯಾರಿದಾರೆ ಹಚ್ಚೋಕೆ?"

ಅತ್ತೆಯನ್ನು ಆ ಕಲ್ಲಿನ ಪಕ್ಕ ಕೂರಿಸಿದೆ. ಕರಿ ಕಲ್ಲು, ಬಿಳಿ ಪಿಂಗಾಣಿ, ಕರಿ ಬಟ್ಟೆ, ಮಂಜು ಕವಿದ ಬೆಳಕು. ಸೂಜಿಗೆ ಕಲ್ಲು ತೋರಿಸಿದರೆ ಒಂದು, ಆಕಾಶ ತೋರಿಸಿದರೆ ಇನ್ನೊಂದು. ಎರಡನ್ನೂ ಬಿಟ್ಟು ಅಂಗೈ ಚಾಚಿದೆ. ಅಕ್ಟೋಬರಿನಲ್ಲಿ ಅಕ್ರೋಟು ಸುಲಿದ ಬಣ್ಣ ಆಗಷ್ಟೇ ಬಿಡುತ್ತಿತ್ತು, ಅರ್ಧ ಮನೆ ಮಾತ್ರ ಇಳಿಸಿದೆ.

ಪ್ರಿಂಟನ್ನು ಅಡುಗೆಮನೆಯ ಮೇಜಿನ ಮೇಲಿಟ್ಟೆ. ಅತ್ತೆ ಕನ್ನಡಕ ಹಾಕಿಕೊಂಡು ನೋಡಿದಳು. ಕಲ್ಲಿನ ಮೇಲಿನವಳನ್ನು ನೋಡಿದಳು, ಪಕ್ಕ ಕೂತವಳನ್ನು ನೋಡಿದಳು, ಬೆರಳಿನಿಂದ ಒಮ್ಮೆ ಇವಳನ್ನು ಮುಚ್ಚಿದಳು, ಒಮ್ಮೆ ಅವಳನ್ನು.

"ಎಂಥಾ ಮೂಗಿತ್ತು ನೋಡು ನನಗೆ," ಎಂದಳು. ಕನ್ನಡಕ ತೆಗೆದಿಟ್ಟು, "ಹಾಳಾದೋರು. ಹಾಳಾದೋರು. ಒಬ್ಬರೂ ಕೇಳ್ಲಿಲ್ಲ ನನ್ನ," ಎಂದಳು. ಯಾರನ್ನು ಬೈಯುತ್ತಿದ್ದಾಳೆ ಎಂದು ಕೇಳಬೇಕಾಗಿರಲಿಲ್ಲ. ಅವಳ ಅಪ್ಪ, ಮಾವ, ಎಲ್ಲರೂ ಸತ್ತು ಎಷ್ಟೋ ಕಾಲವಾಯಿತು. ಅವಳ ಸಿಟ್ಟು ಅಷ್ಟು ತಡವಾಗಿ ಬಂತು, ಅಣ್ಣ, ಬೈಯಲು ಒಬ್ಬನೂ ಉಳಿದಿರಲಿಲ್ಲ. ಅಂದು ಒಲೆ ಹಚ್ಚುವಾಗ ಸೌದೆಯನ್ನು ಮುರಿದ ರೀತಿ ನೀನು ನೋಡಬೇಕಿತ್ತು.

ಮಾರನೆಯ ದಿನ ನನಗೆ ಹೇಳದೆ ಬಸ್ಸು ಹತ್ತಿದ್ದಾಳೆ. ಮುಂದಿನದನ್ನು ಚೆದೊಮಿರ್ ಹೇಳಿದ್ದು. ಅಂಗಳಕ್ಕೆ ಬಂದವಳೇ ಕೋಲಿನಿಂದ ಕಲ್ಲಿಗೆ ಬಡಿದು, "ಈ ಹೆಸರು ತೆಗಿ," ಎಂದಳಂತೆ.

"ಕೆತ್ತಿದ ಅಕ್ಷರ ಅಳ್ಸೋಕಾಗಲ್ಲ ಅಮ್ಮ. ಅಷ್ಟೂ ಭಾಗ ಕೆರೆದು ಇಳಿಸ್ಬೇಕು. ಅಲ್ದೆ ಬೊಗೊಸಾವ್ ಇರ್ಲಿ ಅಂತ ಬರೆದಿದಾರೆ."

"ಈ ಕಲ್ಲಿನ ಕೆಳಗೆ ಮಲಗೋನು ಬೊಗೊಸಾವ್‌ನ ಮಗನೋ, ನನ್ನ ಮಗನೋ?"

"ನಿಮ್ಮ ಮಗನೇ ಅಮ್ಮ."

"ಹಂಗಾದ್ರೆ ಕೆರಿ. ಬದುಕಿರೋಳ ಹೆಸರು ಕೆತ್ತೋಕೆ ಬರುತ್ತೆ, ತೆಗೆಯೋಕೆ ಬರಲ್ವಾ ನಿಂಗೆ?"

ಕೆರೆದ. ಕಲ್ಲಿನ ಬಲಗಡೆ ಈಗ ಒಂದು ಬೆರಳಿನಷ್ಟು ತಗ್ಗಿದೆ. ವರ್ಷದ ಎಡೆಯ ದಿನ ಆ ತಗ್ಗಿನ ಕೆಳ ಅಂಚಿನಲ್ಲಿ ಹಿಮ ಕೂತಿತ್ತು. ನೋಡಿದವರಿಗೆ ಅಲ್ಲಿ ಏನೋ ಇತ್ತು ಎಂದು ಗೊತ್ತಾಗುತ್ತದೆ. ಗೊತ್ತಾಗಲಿ. ಎಡಗಡೆ ರಾಡಿಸಾವ್ ಒಬ್ಬನೇ ಚೆನ್ನಾಗಿ ಕಾಣುತ್ತಾನೆ.

ಅತ್ತೆ ನನ್ನನ್ನು ಹರಸಿ ಕಳಿಸಿದಳು ಎಂದುಕೊಳ್ಳಬೇಡ. "ಮಾರ್ಚಲ್ಲಿ ದ್ರಾಕ್ಷಿ ಬಳ್ಳಿ ಕತ್ತರಿಸೋಕೆ ಯಾರು ಬರ್ತಾರೆ, ಆ ವಿಯೆನ್ನಾದೋನು ಬರ್ತಾನಾ?" ಎಂದು ಬೈಯುತ್ತಲೇ ನನ್ನ ಪೆಟ್ಟಿಗೆ ಕಟ್ಟಿದಳು. ನಾನು ಬರುತ್ತೇನೆ. ನೆಗೋತಿನ್ ದೂರವಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿದ್ದೇನೆ. ವಿದೋಸಾವ್ ಕುರ್ಚಿಯಲ್ಲಿ ಕೂತು ಅಪ್ಪಣೆ ಕೊಡುತ್ತಾನೆ, ಫೋಟೋ ನಾನು ತೆಗೆಯುತ್ತೇನೆ.

ಎರಡು ಚಿತ್ರ ಬೇಕು ಎಂದು ನೀನು ಬರೆದಿದ್ದೆ. ಎರಡನ್ನೂ ಕಳಿಸುತ್ತಿದ್ದೇನೆ. ಮೊದಲನೆಯದು ಅತ್ತೆ ಮತ್ತು ಆ ಹುಡುಗಿಯದು. ಕ್ಲಬ್ಬಿನ ಗೋಡೆಗೆ ಹಾಕಬೇಡ, ನೀನೊಬ್ಬನೇ ನೋಡು.

ಎರಡನೆಯದು ನನ್ನದು. ಎದೆಯವರೆಗೆ, ನೇರ ನೋಡುತ್ತಾ, ನಗದೆ, ನೀನು ಕೇಳಿದಂತೆಯೇ. ಅಂಗಿ ನೀಲಿಯದು, ಫಿಲ್ಮಿನಲ್ಲಿ ಬೂದಾಗಿ ಬಂದಿದೆ. ಇದು ಕಲ್ಲಿಗಲ್ಲ. ನಿನ್ನ ಮಂಚದ ಮೇಲಿನ ಗೋಡೆಗೆ. ನನಗೆ ನಿನ್ನ ಮೇಲೆ ಇನ್ನೂ ಸಿಟ್ಟಿದೆ. ಮುಖ ನೋಡಿದರೆ ತಿಳಿಯುತ್ತದೆ. ಈ ಸಲ ಅಳತೆ ಸರಿಯಾಗಿದೆ.

ದೋಬ್ರಿಲಾ